ಗೇಣುದ್ದದ ಕಾರಿಗೆ ಪೂಜೆ

ಬಸವಕಲ್ಯಾಣ
ರವಿವಾರ, ೧೭ ನವೆಂಬರ್ ೨೦೨೪

ನನ್ನ ಸಿಟ್ಟಿನ ಮಗಳು ಶೀತಲ್‌ಗೆ ನಿನ್ನ ಅವ್ವ ಜಯಮಾಲಾ ತಲಿ ಮ್ಯಾಲ ಕೈ ಇಟ್ಟು ಬರ್ಯೂದು.

ನಾ ಇಲ್ಲಿ ಅರಾಮ ಇದ್ದೇನಿ ಅಂತ ಮೊದಲ ಬರೀಬೇಕು, ಹಂಗ ಬರ್ಯೂದ ರಿವಾಜು. ಆದ್ರ ಅರಾಮ ಇಲ್ಲವ್ವಾ. ದಸರಾ ಆದ ಮ್ಯಾಲ ನೀ ಒಮ್ಮೆ ಫೋನ್ ಮಾಡಿ, ಅಪ್ಪಾಜಿ ಕಾರು ಮಾರ್ಕೊಂಡಿ ಅಲ್ಲಾ ಅಂತ ಒಂದ ಮಾತ ಅಂದು ಕಟ್ ಮಾಡಿದಾಕಿ, ಮತ್ತ ನನ್ನ ಫೋನ್ ಎತ್ತಿಲ್ಲ. ದೀಪಾವಳಿಗಿ ಉತ್ತಮ ಒಬ್ಬನ ಬಂದ. ಅಳಿಯಗ ಆರತಿ ಮಾಡಿದೆ, ಹೋಳಿಗಿ ಬಡಿಸಿದೆ. ನಿನ್ನ ಹೆಸರ ತಗದ್ರ ಸಾಕು, ತಲಿ ಕೆಳಗ ಹಾಕ್ಕೊಂಡು ಇನ್ನೊಂದು ಹೋಳಿಗಿ ಹಾಕ್ರಿ ಅತ್ತಿ ಅಂತಿದ್ದ. ಪಾಪ, ಅವಗ ಹೋಳಿಗಿ ಬೇಕಾಗಿರ್ಲಿಲ್ಲ, ಮಾತ ಬದಲ್ ಮಾಡೂದು ಬೇಕಾಗಿತ್ತು.

ಕಲ್ಯಾಣದಾಗ ಬಸ್ ಹತ್ತಿ ಕಣ್ಣ ಮುಚ್ಚಿದ್ರ, ಕಣ್ಣ ತೆಗ್ಯೂದ್ರಾಗ ನಿಮ್ಮ ಹುಮನಾಬಾದ. ಇಷ್ಟ ಹಾದಿಗಿ ಕಾಗದ ಬರದಾಳ ನೋಡು ಈ ಮುದುಕಿ ಅಂತ ನಿಂಗ ನಗಿ ಬರಬಹುದು. ಬರ್ಲಿ, ನಗೂದು ಚಲೋ ಲಕ್ಷಣ. ನಿಮ್ಮ ಮನಿ ಬಾಗಿಲಿಗಿ ಬಂದು ನಿಂತ್ರ ನಿಮ್ಮತ್ತಿ ಮುಂದ ನೀ ಮಾತಾಡಂಗಿಲ್ಲ, ನಾ ಸುಮ್ನ ಇರಂಗಿಲ್ಲ. ಫೋನಿನ್ಯಾಗ ಹೇಳ್ಬೇಕಂದ್ರ ನಡುವ ಬಾಯಿ ಹಾಕ್ತಿ, ನಾ ಚೀರತೇನಿ, ಆಮ್ಯಾಲ ಇಬ್ಬರೂ ಅಳ್ತೇವಿ. ಕಾಗದಕ್ಕ ನಡುವ ಬಾಯಿ ಹಾಕಾಕ ಬರಂಗಿಲ್ಲ. ಸಿಟ್ಟ ಬಂದ್ರ ಹರದ ಒಗಿ, ಆದ್ರ ಪೂರಾ ಓದಿ ಹರಿ.

ನೀ ಏನ ನೋಡಿದಿ ಅಂತ ಉತ್ತಮನ ಕಡೆ ನಾ ಬಾಯಿ ಬಿಡಿಸೇನಿ, ಅವನ ಮ್ಯಾಲ ಸಿಟ್ಟ ಮಾಡಬ್ಯಾಡ. ಅಡಗಿಮನಿ ನಳ ಕೆಟ್ಟದಂತ ಗುರುಶಾಂತ ಅವರ ಹಾರ್ಡ್‌ವೇರ್ ಅಂಗಡಿಗಿ ಹೋಗಿದ್ದಿ. ಅಲ್ಲಿ ಗಾಜಿನ ಕಪಾಟಿನ್ಯಾಗ, ಬಣ್ಣದ ಡಬ್ಬಿ ಸಾಲಿನ ಮ್ಯಾಲ, ಅಪ್ಪಾಜಿ ಅರ್ಧಾ ಮಾಡಿ ಬಿಟ್ಟು ಹೋದ ಕೆನಿ ಬಣ್ಣದ ಬೀಟಲ್ ಕಾರು ಪೂರಾ ಆಗಿ ನಿಂತಿತ್ತು. ಮೂತಿ ಮ್ಯಾಲ ಮೂರ ಬೆರಳಿನ ಈಬೂತಿ, ನಡುವ ಕುಂಕುಮ. ನಮ್ಮ ಕಡೆ ಗಾಡಿಗಿ ಪೂಜಿ ಯಾರ ಮಾಡ್ತಾರ? ಖರೀದಿ ಮಾಡಿದವರು ಮಾಡ್ತಾರ. ಅವ್ವ ಮಾರ್ಯಾಳ, ಇವರು ನಮ್ದಾತು ಅಂತ ಪೂಜಿ ಮಾಡಿ ಷೋಕಿಗಿ ಇಟ್ಟಾರ ಅಂತ ನೀ ಅಲ್ಲೇ ಫೈಸಲಾ ಮಾಡಿ, ನಳಾನೂ ತಗೊಳ್ಳದ ಹೊಳ್ಳಿ ಹೋದಿ. ನಾ ಇದ್ರೂ ಹಂಗ ತಿಳಕೋತಿದ್ದೆ ಬಿಡು. ಆದ್ರ ಶೀತಲ್, ಆ ಪೂಜಿ ಮಾಡಿದಾಕಿ ನಾನು. ಆ ಕಾರ ಪೂರಾ ಮಾಡಿದಾಕಿನೂ ನಾನಾ.

ಹೌದು, ನಾನಾ. ಕಣ್ಣ ಅಗಲ ಮಾಡಬ್ಯಾಡ, ಮುಂದ ಓದು.

ಅಪ್ಪಾಜಿ ಹುಚ್ಚು ನನಕಿಂತ ನಿಂಗ ಹೆಚ್ಚ ಗೊತ್ತು. ಹಗಲೆಲ್ಲ ಆಟೋನಗರದ ಅಂಗಡ್ಯಾಗ ಲಾರಿ ಸ್ಪೇರ್ ಪಾರ್ಟ್ಸ್ ಮಾರೂದು, ಸಂಜಿಗಿ ಮನಿಗಿ ಬಂದು ಕೈ ತೊಳ್ಕೊಂಡು ಗೇಣುದ್ದದ ಪ್ಲಾಸ್ಟಿಕ್ ಕಾರು ಕಟ್ಟೂದು. ಹೈದರಾಬಾದಿಗಿ ಮಾಲ ತರಾಕ ಹೋದ್ರ ಬರೂಮುಂದ ನಂಗ ಬಳಿ ತರ್ಲಿಲ್ಲಂದ್ರೂ ಒಂದು ಕಾರಿನ ಡಬ್ಬಿ ತಪ್ಪತಿರ್ಲಿಲ್ಲ. ಡಬ್ಬಿ ತೆಗದ್ರ ಒಳಗ ಪ್ಲಾಸ್ಟಿಕ್ ಚೌಕಟ್ಟು, ಅದಕ್ಕ ಹತ್ತಿಕೊಂಡ ಬಾಗಿಲಾ, ಸೀಟು, ಸ್ಟೇರಿಂಗು, ಎಲ್ಲಾ ಕಡ್ಲಿಕಾಳಿನಷ್ಟು ಸಾಮಾನು. ಒಂದೊಂದ ಕತ್ತರಿಸಿ, ಪಾಲೀಶ್ ಕಾಗದದಾಗ ಉಜ್ಜಿ, ಅಂಟಿಸಿ, ಬಣ್ಣಾ ಹಚ್ಚಿ ಕೂಡಿಸಬೇಕು. ನೀ ಬಾಜೂಕ ಕುಂತು ಟಾರ್ಚ್ ಹಿಡೀತಿದ್ದಿ. ನಾ ಕಸಬರಿಗಿ ಹಿಡ್ಕೊಂಡು ಬಂದ್ರ ಅಪ್ಪ ಮಗಳು ಇಬ್ಬರೂ ಕೂಡಿ ಹೊರಗ ಅಟ್ಟತಿದ್ರಿ, ಧೂಳ ಎದ್ದು ಹಸಿ ಬಣ್ಣಕ್ಕ ಹತ್ತತದಂತ. ಒಂದಿನ ಖುಷಿಲೇ ಇದ್ದಾಗ, ನಾ ಒಂದು ಗಾಲಿ ಹಚ್ಲೇನು ಅಂತ ಕೇಳಿದ್ದೆ. ನಿನ್ನ ಹೊಲಿಗಿ ಮಿಷನ್ ಅಲ್ಲ ಇದು ಅಂದ್ರು. ಕೆಟ್ಟ ಮನಸಿನಿಂದ ಅಂದಿದ್ದಲ್ಲ, ನಕ್ಕೋತ ಅಂದ್ರು. ನಾನೂ ನಕ್ಕೆ. ಆಮ್ಯಾಲ ಮತ್ತ ಕೇಳಲಿಲ್ಲ.

ಅವರು ಹೋಗಿ ಮೂರನೇ ವರ್ಷ ನಡದದ. ಕಟ್ಟಿದ ಕಾರೆಲ್ಲ ನೀ ನಿಮ್ಮ ಮನಿಗಿ ಒಯ್ದಿ, ಚಲೋ ಆತು. ಕಟ್ಟದ ಉಳಿದ ಡಬ್ಬಿ ಅಲಮಾರಿ ಮ್ಯಾಲ ಹಂಗ ಇದ್ವು. ಅದರಾಗ ಈ ಬೀಟಲ್ ಒಂದು ಅರ್ಧಕ್ಕ ನಿಂತಿತ್ತು. ಮ್ಯಾಲಿನ ಕವಚಕ್ಕ ಅಪ್ಪಾಜಿ ಬಣ್ಣಾ ಹಚ್ಚಿದ್ರು, ಒಳಗ ಸೀಟಿಲ್ಲ, ಗಾಜಿಲ್ಲ, ಗಾಲಿ ಇಲ್ಲ. ಬ್ಯಾಸಗ್ಯಾಗ ಇಲಿ ಒಂದ ಡಬ್ಬಿ ಮೂಲಿ ಕಡದು ಹಾಕ್ತು. ಇವನ್ನೆಲ್ಲ ತಿಳದವರ ಕೈಗಿ ಕೊಟ್ಟುಬಿಡೂದ ಚಲೋ ಅಂತ ವಿಚಾರ ಮಾಡಿ, ಅಪ್ಪಾಜಿ ಬಣ್ಣದ ಥಿನ್ನರ್ ಬಾಟಲಿ ಮ್ಯಾಲಿದ್ದ ಅಂಗಡಿ ಹೆಸರ ನೋಡ್ಕೊಂಡು ಹುಮನಾಬಾದಿಗಿ ಹೋದೆ. ನಿಂಗ ಹೇಳಲಿಲ್ಲ. ಹೇಳಿದ್ರ ಒಂದೂ ಮುಟ್ಟಬ್ಯಾಡ ಅಂತಿದ್ದಿ, ಇಲಿಗಂತೂ ಹೇಳಾಕ ಬರಂಗಿಲ್ಲ.

ಗುರುಶಾಂತ ಅವರಿಗಿ ಅಪ್ಪಾಜಿ ಗೊತ್ತಿದ್ರು. ಇಬ್ಬರೂ ಬಣ್ಣದ ಮ್ಯಾಲ ತಾಸಗಟ್ಲೆ ವಾದ ಮಾಡತಿದ್ರಂತ. ಅವರಿಗೂ ಇದ ಹುಚ್ಚು, ಅಂಗಡಿ ಹಿಂದಿನ ಖೋಲಿ ತುಂಬ ಕಾರು. ಹೆಂಡ್ತಿ ಹೋಗಿ ಭಾಳ ವರ್ಷ ಆಗ್ಯಾವು, ಮಕ್ಕಳಿಲ್ಲ, ಅಕ್ಕ ಸಂಗಮ್ಮ ಸಂಗಾಟ ಇರ್ತಾರ. ಆಕೀನ ಗಲ್ಲಾದ ಮ್ಯಾಲ ಕೂಡ್ತಾಳ, ನೀ ನೋಡಿದ್ದೀ, ದಪ್ಪ ಚಶ್ಮಾ ಹಾಕ್ಕೊಂಡಾಕಿ. ನಾ ಡಬ್ಬಿ ಎಲ್ಲಾ ತಗೊಂಡ ಬಿಡ್ರಿ ಅಂದ್ರ ಅವರು ಕೈ ಮುಗದ್ರು. ಸಂಜೀವಕುಮಾರ ಅವರ ಡಬ್ಬಿ ನನಗ ಬ್ಯಾಡ್ರಿ, ಅವು ನಿಮ್ಮವು, ಮೊದಲ ಆ ಅರ್ಧಾ ಆದದ್ದನ್ನ ನೀವ ಪೂರಾ ಮಾಡ್ರಿ, ಆಮ್ಯಾಲ ಕೊಡೂದು ಬಿಡೂದು ವಿಚಾರ ಮಾಡ್ರಿ ಅಂದ್ರು. ಚೇಷ್ಟಾ ಮಾಡಾಕತ್ತಾರ ಅಂತ ನಂಗ ಸಿಟ್ಟ ಬಂತು. ಕುಪ್ಪಸ ಹೊಲ್ಯೂ ಹೆಂಗಸು ನಾ, ಕಾರ ಹ್ಯಾಂಗ ಮಾಡ್ಲಿ ಅಂದೆ. ಕುಪ್ಪಸದ ತೋಳ ಕೂಡಿಸೂದು ಇದಕಿಂತ ಕಠಿಣ ಅದ ಬಿಡ್ರಿ ಅಂದು ಒಂದು ಚಿಮ್ಮಟಿಗಿ ನನ್ನ ಕೈಯಾಗ ಕೊಟ್ರು.

ಅದನ್ನ ಹಿಡ್ಕೊಂಡ ಬಸ್ ಹತ್ತಿದೆ ನೋಡು. ಅವತ್ತಿನಿಂದ ನಂಗೂ ಈ ಹುಚ್ಚ ಹಿಡೀತು. ಹೊಲಿಗಿ ಮುಗಿಸಿ ಸಂಜಿಮುಂದ ಅಪ್ಪಾಜಿ ಟೇಬಲ್ಲಿಗಿ ಕುಂತ್ರ ಬಾಜೂಮನಿ ತುಳಜಾಬಾಯಿ ಗ್ವಾಡಿ ಆಚೆ ಕಡಿಂದ ಒದರೂತನಕ ಹೊತ್ತ ಗೊತ್ತಾಗತಿರ್ಲಿಲ್ಲ. ಆಕಿ ಅಂತೂ ನಂಗ ಏನೋ ಬಡದದ ಅಂತ ತಿಳದು ಉಪ್ಪ ಮೆಣಸಿನಕಾಯಿ ಇಳಿಸಿದ್ಲು. ತಪ್ಪೂ ರಗಡ ಮಾಡಿದೆ. ಹೊಲಿಗಿ ಡಬ್ಬ್ಯಾಗಿದ್ದ ಥಟ್ಟನ ಹತ್ತೋ ಗಮ್ಮ ಹಚ್ಚಿ ಕಾರಿನ ಗಾಜ ಕೂಡಿಸಿದೆ. ಮುಂಜಾನಿ ಎದ್ದ ನೋಡಿದ್ರ ಗಾಜಿಗೆಲ್ಲ ಬೆಳ್ಳಗ ಹೊಗಿ ಹಿಡದದ, ಮೋತಿಬಿಂದು ಆದ ಕಣ್ಣಿನಂಗ. ಎಷ್ಟ ಒರಸಿದ್ರೂ ಹೋಗಲಿಲ್ಲ. ಗುರುಶಾಂತ ಅವರಿಗಿ ಫೋನ್ ಮಾಡಿ ಅತ್ತೇನಿ ಅಂದ್ರ ನೀ ನಂಬತಿ ಏನು? ಗಾಜಿಗಿ ಆ ಗಮ್ಮ ಹಚ್ಚಬಾರದ್ರಿ, ಹುಡುಗರು ಸಾಲ್ಯಾಗ ಹಚ್ಚೋ ಬಿಳೇ ಗೋಂದ ಸಾಕು ಅಂತ ಹೇಳಿ, ಹೊಸ ಗಾಜ ಹ್ಯಾಂಗ ಮಾಡೂದಂತಾನೂ ಹೇಳಿಕೊಟ್ರು. ಪೇಢೆ ಡಬ್ಬಿಯ ಪಾರದರ್ಶಕ ಮುಚ್ಚಳ ತಗೊಂಡು, ಕಾಗದದ ಮ್ಯಾಲ ಅಳತಿ ತೆಗದು, ಕುಪ್ಪಸದ ಕೊಳ್ಳ ಕತ್ತರಿಸಿದಂಗ ಕತ್ತರಿಸಿದೆ. ಹೊಂದಿ ಕುಂತಿತು. ಅವತ್ತ ನಾ ಒಬ್ಬಾಕಿನ ಮನ್ಯಾಗ ಚಪ್ಪಾಳಿ ತಟ್ಟೇನಿ.

ಇನ್ನ ಪೂಜಿ ಕಥಿ ಕೇಳು. ಖಂಡೇನವಮಿ ಹಿಂದಿನ ದಿನ ಕಾರ ಪೂರಾ ಆತು. ಹೊಳಪ ಬರ್ಲಿ ಅಂತ ಕಡೀ ವಾರ್ನಿಶ್ ಹಚ್ಚಿ ಇಟ್ಟಿದ್ದೆ. ಮರುದಿನ ಹೊಲಿಗಿ ಮಿಷನ್‌ಗಿ ಪೂಜಿ ಮಾಡಿದೆ, ಅಪ್ಪಾಜಿ ಸ್ಕೂಟರಿಗಿ ಮಾಡಿದೆ. ಮನ್ಯಾಗ ಹೊಸ ಕಾರ ಬಂದದ, ಅದಕ್ಕ ಬ್ಯಾಡಂದ್ರ ಹ್ಯಾಂಗ? ಬೆರಳಿಂದ ಮುಟ್ಟಿ ನೋಡಿದೆ, ಒಣಗಿತ್ತು. ಮೂತಿ ಮ್ಯಾಲ ಈಬೂತಿ ಎಳದೆ, ಕುಂಕುಮ ಇಟ್ಟೆ, ಸೇವಂತಿ ಎಸಳ ಏರಿಸಿದೆ. ಗಾಲಿ ಕೆಳಗ ನಿಂಬಿಹಣ್ಣ ಇಡಾಕ ಹೋದ್ರ ನಿಂಬಿಹಣ್ಣ ಗಾಲಿಗಿಂತ ದೊಡ್ಡದು! ಕಾರು ಮ್ಯಾಲ ಹತ್ತಿ ಕುಂತಿತು, ಇಳೀಲೇ ಒಲ್ಲದು. ತುಳಜಾಬಾಯಿ ನೋಡಿ, ತಮ್ಮ ಮನ್ಯಾಗ ಉಸಳಿಗಿ ನೆನಿಯಿಟ್ಟಿದ್ದ ಬಟಾಣಿ ತಂದ್ಲು. ನಾಕ ಗಾಲಿಗಿ ನಾಕ ಬಟಾಣಿ ಇಟ್ಟು, ಬೆರಳಿಲೇ ಮುಂದ ನೂಕಿ, ಪಟ್ ಪಟ್ ಅಂತ ಒಡಸಿದ್ವಿ. ಇಬ್ಬರೂ ಮುದುಕೇರು ಹೊಟ್ಟಿ ಹಿಡ್ಕೊಂಡ ನಕ್ಕೀವಿ.

ಸಂಜಿಗಿ ಈಬೂತಿ ಒರಸಾಕ ಹೋದೆ. ಬರಲಿಲ್ಲ. ವಾರ್ನಿಶ್ ಮ್ಯಾಲ ಒಣಗಿತ್ತು, ಒಳಗ ಹಸಿ ಇತ್ತು. ಈಬೂತಿ ನೀರಿನ ಸಂಗಾಟ ಒಳಗ ಇಳದು ಕುಂತಿತ್ತು. ಅಪ್ಪಾಜಿ ಹಚ್ಚಿದ ಬಣ್ಣ ಅದು ಶೀತಲ್, ಅವರ ಕೈಯಿಂದ ಹಚ್ಚಿದ ಕಡೀ ಬಣ್ಣ. ನಾ ಕೆಡಿಸಿದೆ ಅಂತ ಉಣ್ಣಲಿಲ್ಲ ಅವತ್ತು. ಮರುದಿನ ಬನ್ನಿ ಕೊಡೂ ನೆಪ ಮಾಡ್ಕೊಂಡು ಕಾರಿಗಿ ಟಾವೆಲ್ ಸುತ್ತಿ ಹುಮನಾಬಾದಿಗಿ ಒಯ್ದೆ.

ಗುರುಶಾಂತ ಅವರು ಚಶ್ಮಾ ತಗದು ಹತ್ತಿರ ಹಿಡದು ನೋಡಿದ್ರು. ಬಟಾಣಿ ಕಥಿ ಕೇಳಿ ಬಣ್ಣದ ಡಬ್ಬಿ ಮ್ಯಾಲ ಕುಂತ ನಗಾಕ ಶುರು ಮಾಡಿದ್ರು. ಅಲ್ಲವ್ವಾ, ಬೀಟಲ್ ಕಾರಿಗಿ ಎಂಜಿನ್ ಹಿಂದ ಇರ್ತದಂತ, ಮುಂದ ಬರೇ ಡಿಕ್ಕಿ. ನೀವು ಬ್ಯಾಗ ಇಡೂ ಪೆಟಗಿಗಿ ಪೂಜಿ ಮಾಡೀರಿ ಅಂದ್ರು. ನಾ ಕಣ್ಣಾಗ ನೀರ ತಗೊಂಡ ನಿಂತಿದ್ದು ನೋಡಿ ನಗೂದು ಬಿಟ್ಟು ಎದ್ದು ನಿಂತ್ರು. ಇದನ್ನ ತೆಗೀಲಿಕ್ಕಿ ಬರ್ತದ್ರಿ, ಬಣ್ಣಾ ಪೂರಾ ಇಳಿಸಿ ಮತ್ತ ಹಚ್ಚಿದ್ರ ಹೊಸಾದು ಆಗ್ತದ, ಆದ್ರ ಸಂಜೀವಕುಮಾರ ಅವರ ಬಣ್ಣ ಹೋಗ್ತದ, ನಿಮ್ಮ ಕಾರು, ನೀವ ಹೇಳ್ರಿ ಅಂದ್ರು. ನನ್ನ ಕಾರಂತ. ನಂಗ ಐವತ್ತ ದಾಟ್ಯಾವು, ಯಾವ ಮಾತಿಗಿ ಯಾರು ಹಂಗ ನನ್ನ ಕಡೆ ನೋಡಿ ಸುಮ್ನ ಕಾದಿದ್ರು ಹೇಳು? ಇರ್ಲಿ ಬಿಡ್ರಿ, ಒಳಗ ಇಳದದ್ದು ಇರ್ಲಿ ಅಂದೆ. ಅವರು ಕೈ ಹಚ್ಚಲಿಲ್ಲ.

ಅದರ ಮುಂದಿನ ರವಿವಾರ ಅವರ ಮಾಳಗಿ ಮ್ಯಾಲ ಮಂದಿ ಸೇರಿದ್ರು. ಬೀದರ, ಕಲಬುರ್ಗಿ, ಸೊಲ್ಲಾಪುರದಿಂದ ಇದ ಹುಚ್ಚಿನವರು. ಚಪ್ಪಲಿ ಡಬ್ಬ್ಯಾಗ ಹತ್ತಿ ಅರಳಿ ಹಾಸಿ ಕಾರ ಮಲಗಿಸಿ ತಂದಿದ್ರು, ಬಾಣಂತಿ ಕೂಸಿನ್ನ ಒಯ್ದಂಗ. ಅಲ್ಲಿ ಯಾರೂ ಎಷ್ಟಕ್ಕ ಬಿತ್ತು ಅಂತ ಕೇಳಂಗಿಲ್ಲ, ಹ್ಯಾಂಗ ಮಾಡಿದಿ ಅಂತ ಕೇಳತಾರ. ಸೊಲ್ಲಾಪುರದ ಒಬ್ಬ ಹಿರಿಯರು ನನ್ನ ಕಾರಿನ ಗಾಜ ನೋಡಿ ಎಲ್ಲಿಂದ ತರ್ಸಿದ್ರಿ ಅಂದ್ರು. ಪೇಢೆ ಡಬ್ಬಿ ಅಂದೆ. ಮಂದಿ ಎಲ್ಲಾ ನನ್ನ ಸುತ್ತ ಸೇರಿ ಕತ್ತರಿಸೂದು ತೋರಸ್ರಿ ಅಂತ ಹಟಾ ಹಿಡದ್ರು. ಒಂದು ತಾಸ ನಾ ಅವರಿಗಿ ಕತ್ತರಿ ಹಿಡ್ಯೂದು ಕಲಿಸೇನಿ. ನಿಮ್ಮ ಅಪ್ಪಾಜಿ ನೆನಪಾದ್ರು. ಅವರ ಒಬ್ಬರ ಕುಂತು ಕಟ್ಟಿದ್ರಲ್ಲ, ಇಂಥಾ ಮಂದಿ ನಡುವ ಒಮ್ಮೆ ಬಂದಿದ್ರ ಎಷ್ಟ ಖುಷಿ ಪಡತಿದ್ರೋ. ಬರೂಮುಂದ ಬಸ್ಸು ಗಿಚ್ಚ ತುಂಬಿತ್ತು, ಕಾರು ಚಪ್ಪಟಿ ಆಗ್ತದಂತ ಗಾಜಿನ ಕಪಾಟಿನ್ಯಾಗ ಬಿಟ್ಟು ಬಂದೆ. ಅದರ ಮುಂದ ಸಣ್ಣ ಚೀಟಿ ಅದ, ನೀ ಓದಲಿಲ್ಲ. ಕಟ್ಟಿದವರು ಸಂಜೀವಕುಮಾರ ಮತ್ತು ಜಯಮಾಲಾ, ಬಸವಕಲ್ಯಾಣ ಅಂತ ನನ್ನ ಅಕ್ಷರದಾಗ ಬರದದ. ನಂಬಿಗಿ ಇಲ್ಲಂದ್ರ ಉತ್ತಮಗ ಕಳಿಸಿ ಓದಿಸು.

ಕಾರಿನ ಮಾತ ಮುಗೀತು. ಇಲ್ಲಿಗಿ ಸಹಿ ಮಾಡಿಬಿಟ್ರ ಪತ್ರ ಚಂದ ಇರ್ತದ. ಆದ್ರ ಇನ್ನೊಂದದ. ಮೂರ ಸಲ ಪೆನ್ನ ಕೆಳಗಿಟ್ಟು ಚಹಾ ಮಾಡ್ಕೊಂಡು ಬಂದೇನಿ.

ಅವತ್ತ ಮಂದಿ ಎಲ್ಲಾ ಹೋದ ಮ್ಯಾಲ, ನಾ ಬ್ರಶ್ ತೊಳ್ಯಾಕತ್ತಿದ್ದೆ, ಸಂಗಮ್ಮಕ್ಕ ಕಪ್ಪ ಬಸಿ ಎತ್ತಾಕತ್ತಿದ್ರು. ಗುರುಶಾಂತ ಅವರು ಅಕ್ಕನ ಎದುರಿಗೇನ ಕೇಳಿದ್ರು, ಉಳಿದ ಡಬ್ಬಿ ಒಂದ ಮನ್ಯಾಗ ಕುಂತು ಕಟ್ಟೋಣೇನ್ರಿ ಅಂತ. ನಂಗ ಮೊದಲ ತಿಳೀಲಿಲ್ಲ. ಸಂಗಮ್ಮಕ್ಕ ಬಸಿ ಕೆಳಗಿಟ್ಟು, ಲಗ್ನದ ಮಾತ ಕೇಳಾಕತ್ತಾನವ್ವಾ ಮೂರ್ಖ, ಡಬ್ಬಿ ಮಾತಲ್ಲ ಅಂದಾಗ ತಿಳೀತು. ಕೈಯಾಗಿನ ಬ್ರಶ್ ಮೊರಿಯಾಗ ಬಿತ್ತು.

ನಂಗ ಅವರು ಮನಸಿಗಿ ಬಂದಾರ ಶೀತಲ್. ಬರದುಬಿಟ್ಟೆ ನೋಡು, ಆತು. ಅಪ್ಪಾಜಿ ಮ್ಯಾಲಿನ ಮಾಯಾ ಎಳ್ಳಷ್ಟೂ ಕಡಿಮಿ ಆಗಿಲ್ಲ. ಅವರ ಸಂಗಾಟ ಚಲೋ ಬಾಳೇನಿ, ಇದ್ದಷ್ಟು ದಿನ ಅವರು ನಂಗ ಕಮ್ಮಿ ಮಾಡಿಲ್ಲ. ಆದ್ರ ಈಗ ಸಂಜಿ ಆದ್ರ ಯಾರಿಗಾರ ಏನಾರ ತೋರಸ್ಬೇಕು ಅನಸ್ತದ, ನೋಡ್ರಿ ಈ ಬಾಗಿಲಾ ಬರಾಬರ್ ಕುಂತದೇನು ಅಂತ. ಅವರು ನೋಡತಾರ. ಬರಾಬರ್ ಇಲ್ಲಂದ್ರ ಇಲ್ಲ ಅಂತಾರ, ನಾ ಜಗಳಾಡತೇನಿ, ಮತ್ತ ನಗತೇವಿ. ಇಷ್ಟ. ಈ ವಯಸ್ಸಿನ್ಯಾಗ ಇನ್ನೇನ ಬೇಕು ಅಂತ ಮಂದಿ ಕೇಳ್ತಾರ, ನಂಗ ಇದು ಬೇಕಾಗ್ಯಾದ.

ನಿಮ್ಮತ್ತಿ ಏನಂತಾರ, ಬಜಾರದಾಗ ನೀ ಹ್ಯಾಂಗ ತಲಿ ಎತ್ತಿ ತಿರುಗಬೇಕು, ಎಲ್ಲಾ ನಂಗೂ ಫಿಕರ್ ಅದ. ಅವರ ಅಂಗಡಿ ನಿಮ್ಮ ಓಣಿ ಹತ್ತಿರಾನ ಅದ, ದಿನಾ ಕಣ್ಣಿಗಿ ಬೀಳ್ತಾರ. ಅದಕ್ಕ ನಾ ಅವರಿಗಿ ಹೇಳೇನಿ, ನನ್ನ ಮಗಳು ಮಾತಾಡೂತನಕ ನಾ ಹೂಂನೂ ಅನ್ನಂಗಿಲ್ಲ, ಊಂಹೂಂನೂ ಅನ್ನಂಗಿಲ್ಲ ಅಂತ. ಕಾಯತೇನ್ರಿ ಅಂದ್ರು.

ಡಬ್ಬಿ ಒಂದೂ ಎಲ್ಲೂ ಹೋಗಿಲ್ಲ. ಅಪ್ಪಾಜಿದು ಅಂತ ಏನೇನದ ಎಲ್ಲಾ ನಿಂದು. ಬೇಕಂದ್ರ ಬಂದು ಎಲ್ಲಾ ಒಯ್ಯಿ, ಆ ಬೀಟಲ್ಲೂ ಒಯ್ಯಿ, ನಂಗ ಬ್ಯಾಸರಿಲ್ಲ. ಬ್ಯಾಸರಿರೂದು ಇದಕ್ಕ, ನೀ ಅಪ್ಪಾಜಿ ಕಾರು ಮಾರ್ಕೊಂಡಿ ಅಂದಿ, ಅವ್ವಾ ಹ್ಯಾಂಗಿದ್ದಿ ಅಂತ ಕೇಳಲಿಲ್ಲ. ಬಂದು ಬೈದು ಹೋಗು, ಚೀರಾಡು, ಉಂಡು ಹೋಗು. ಈ ಸುಮ್ನ ಇರೂದು ನಂಗ ತಡಕೊಳ್ಳಾಕ ಆಗವಲ್ಲದು.

ಉತ್ತಮಗ ಆಶೀರ್ವಾದ, ನಿಮ್ಮತ್ತಿಗಿ ಶರಣು.

ನಿನ್ನ ಹಾದಿ ನೋಡೋ,
ಅವ್ವ
ಜಯಮಾಲಾ

ತಾ.ಕ.: ಲಕೋಟಿಗಿ ಗೋಂದ ಹಚ್ಚಾಕ ಹೋದಾಕಿ ಮತ್ತ ತಗದೇನಿ. ಮ್ಯಾಲ ಒಂದ ಸುಳ್ಳ ಬರದೇನವ್ವಾ. ನಿನ್ನ ಕೇಳದ ಹೂಂ ಅನ್ನಂಗಿಲ್ಲ ಅಂತ ಅವರಿಗಿ ಹೇಳಿಲ್ಲ. ಸಂಗಮ್ಮಕ್ಕ ಬಿಡಿಸಿ ಹೇಳಿದ ಕೂಡ್ಲೆ, ಮೊರಿಯಾಗ ಬಿದ್ದ ಬ್ರಶ್ ಸುದ್ದಾ ಎತ್ತದ, ಹೂಂ ಅಂದೇನಿ. ರಿಜಿಸ್ಟ್ರಾರ್ ಆಫೀಸಿನ್ಯಾಗ ತಾರೀಖೂ ಹಿಡದಾಗ್ಯಾದ, ಬರೂ ತಿಂಗಳ ಎರಡನೇ ಗುರುವಾರ, ಮುಂಜಾನಿ. ನೀ ಬ್ಯಾಡ ಅಂದ್ರೂ ನಾ ಹೋಗಾಕಿನ. ಹಂಗಾರ ಇಷ್ಟೆಲ್ಲಾ ಯಾಕ ಬರದಿ ಅಂದ್ರ, ಸಾಕ್ಷಿಗಿ ಮೂರ ಮಂದಿ ಬೇಕಂತ. ಅವರ ಕಡಿಂದ ಸಂಗಮ್ಮಕ್ಕ, ನನ್ನ ಕಡಿಂದ ತುಳಜಾಬಾಯಿ. ಮೂರನೇದ್ದಕ್ಕ ಅವರು ಸೊಲ್ಲಾಪುರದ ಹಿರಿಯರಿಗಿ ಹೇಳ್ತೇನಂದ್ರು, ನಾ ಬ್ಯಾಡಂದೆ, ನನ್ನ ಮಗಳು ಬರ್ತಾಳ ಅಂದೇನಿ. ಬರೂಮುಂದ ಆಧಾರ್ ಕಾರ್ಡ್ ಮರೀಬ್ಯಾಡ.